ಶುಲ್ಕವೂ ಆತಿಥ್ಯವೂ

ಹಣವನ್ನು ತೆತ್ತು ಒಂದು ಮನೆಯಲ್ಲಿ ತಂಗಿದವನು ಅತಿಥಿಯೋ, ಗಿರಾಕಿಯೋ? ಗಿರಾಕಿಯೇ ಆದಲ್ಲಿ, ಲೆಕ್ಕವನ್ನು ತೀರಿಸಿ ಹೊರಟೊಡನೆಯೇ ಆ ಮನೆಯವರಿಗೂ ಅವನಿಗೂ ಇದ್ದ ಋಣವೆಲ್ಲವೂ ತೀರಿತೆಂದು ಹೇಳಬಹುದೇ? ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವೆಂದು ತೋರೀತು. ಆದರೆ ಹಿಂದೆ ಕಾಶೀಯಾತ್ರೆಯೊಂದೇ ಮಹಾಪ್ರಯಾಣವಾಗಿದ್ದ ಮನೆತನಗಳವರೂ ಈಗ ಸಮುದ್ರವನ್ನು ದಾಟಿ ನಾಲ್ಕು ದಿನ ಪರಸ್ಥಳದಲ್ಲಿದ್ದು ಬರುವುದು ಸಾಮಾನ್ಯವಾಗಿರುವುದರಿಂದ, ಇದು ವಿದ್ಯಾವಂತರ ಮನೆಗಳಲ್ಲೆಲ್ಲ ವಿಚಾರಿಸಲ್ಪಡಬೇಕಾದ ವಿಷಯವೇ ಆಗಿದೆ.

ಮೊದಲು ಅತಿಥಿಶಬ್ದದ ಅರ್ಥವನ್ನು ನೋಡಬೇಕು. ಯಾವನು ಬರುವುದಕ್ಕೆ ಗೊತ್ತಾದ ತಿಥಿಯಿಲ್ಲವೋ ಅವನು ಅತಿಥಿಯೆಂಬುದು ಪ್ರಸಿದ್ಧವಾದ ನಿರ್ವಚನ. ಒಂದೇ ರಾತ್ರಿ ತಂಗುವವನೆಂದೂ, ಅವನ ಇರವು ಅನಿತ್ಯವಾದುದರಿಂದಲೇ ಆ ಹೆಸರು ಬಂದಿತೆಂದೂ ಮನುವು ಹೇಳುತ್ತಾನೆ. ಗುರುಕುಲದಿಂದ ಹೊರಡುವ ಶಿಷ್ಯನಿಗೆ ಉಪನಿಷತ್ತಿನ ಆಚಾರ್ಯನು ಮಾತಾಪಿತೃಗಳ ಮತ್ತು ಆಚಾರ್ಯನ ಜೊತೆಯಲ್ಲಿಯೇ ಅತಿಥಿಯನ್ನೂ ದೇವರೆಂದು ಕಾಣುವಂತೆ ಬೋಧಿಸುತ್ತಾನೆ. ನಚಿಕೇತನು ಮೂರು ರಾತ್ರಿ ಉಪವಾಸವಿದ್ದನೆಂದು ತಿಳಿದಾಗ, ಸಕಲಪ್ರಾಣಿಗಳನ್ನೂ ಅಂಜಿಸುವ ಯಮನೇ ಅಂಜಿ ಮೂರು ವರಗಳನ್ನಿತ್ತನು. ಗೃಹಸ್ಥನಿಗೆ ವಿಧಿಸಿರುವ ಪಂಚಮಹಾಯಜ್ಞಗಳಲ್ಲಿ ಮನುಷ್ಯಯಜ್ಞವೆಂಬುದು ಅತಿಥಿಪೂಜೆಯೇ ಆಗಿದೆ. ಇವೆಲ್ಲವುಗಳಲ್ಲಿಯೂ ಗಮನಿಸಬೇಕಾದುದು ಒಂದುಂಟು: ಧರ್ಮದ ಭಾರವೆಲ್ಲವೂ ಮನೆಯೊಡೆಯನ ಮೇಲೆಯೇ ಬಿದ್ದಿದೆ, ಬಂದವನ ಕರ್ತವ್ಯವನ್ನು ಕುರಿತ ಮಾತು ಬಲು ಕಡಮೆ. ದಾನವು ಒಂದು ಕಡೆಯಿಂದ ಮಾತ್ರ ಹರಿಯುತ್ತಿದ್ದ ಕಾಲದಲ್ಲಿ ಅದು ಯುಕ್ತವೇ ಆಗಿತ್ತು. ಬಂದವನೇ ಹಣವನ್ನು ಕೊಡುವ ಕಾಲದಲ್ಲಿ ಭಾರವನ್ನು ಹೇಗೆ ಹಂಚಬೇಕೆಂಬುದೇ ಈಗಿನ ವಿಚಾರ.

ಉದಾಹರಣೆಗೆ ಸಿಂಹಳದ್ವೀಪದ ಕೊಲಂಬೊ ನಗರವನ್ನು ತೆಗೆದುಕೊಳ್ಳಬಹುದು. ಆ ದ್ವೀಪದ ಶಾಸನಸಭೆಯು ೧೯೮೨ರಲ್ಲಿ ಸಮೀಪದ ಶ್ರೀ ಜಯವರ್ಧನಪುರ ಕೋಟ್ಟೆಗೆ ಹೋಯಿತಾದರೂ, ಬಂದರು, ವ್ಯಾಪಾರ, ಅಧ್ಯಕ್ಷರ ಭವನ ಇವೆಲ್ಲ ಇರುವುದರಿಂದ ಲೋಕವ್ಯವಹಾರದಲ್ಲಿ ಕೊಲಂಬೊ ಇಂದಿಗೂ ರಾಜಧಾನಿಯ ಸ್ಥಾನದಲ್ಲಿಯೇ ಇದೆ. ಇಲ್ಲಿಯ ಹೋಟೆಲುಗಳು ನಿನ್ನೆ ಮೊನ್ನೆ ಹುಟ್ಟಿದುವಲ್ಲ. ಸಮುದ್ರದ ದಡದಲ್ಲಿರುವ ಗಾಲ್ ಫೇಸ್ ಹೋಟೆಲು ೧೮೬೪ರದು. ಬಂದರಿಗೆ ಎದುರಾಗಿ ಕೋಟೆಯ ಭಾಗದಲ್ಲಿರುವ ಗ್ರಾಂಡ್ ಓರಿಯಂಟಲ್ ಹೋಟೆಲು ೧೮೭೫ರದು. ೧೮೬೯ರಲ್ಲಿ ಸೂಯೆಜ್ ಕಾಲುವೆಯು ತೆರೆದ ಮೇಲೆ, ಯೂರೋಪಿಗೂ ಪೂರ್ವದೇಶಗಳಿಗೂ ಮಧ್ಯೆ ಸಂಚರಿಸುವ ಹಡಗುಗಳಿಗೆ ಕೊಲಂಬೊ ತಂಗುದಾಣವಾಯಿತು. ರಷ್ಯದ ಪ್ರಸಿದ್ಧ ಕಥೆಗಾರನಾದ ಚೆಕಾವನು ೧೮೯೦ರಲ್ಲಿ ಸಖಾಲಿನ್ ದ್ವೀಪದಿಂದ ಸ್ವದೇಶಕ್ಕೆ ಮರಳುವಾಗ ಈ ನಗರದಲ್ಲಿ ಇಳಿದಿದ್ದನು. ಹೀಗೆ ಒಂದೂವರೆ ಶತಮಾನದಿಂದ ಆ ಊರಿನ ಜನರು ಪರರಿಗೆ ಹಾಸಿಗೆ ಹಾಸುವುದನ್ನು ಒಂದು ಜೀವನೋಪಾಯವನ್ನಾಗಿ ಮಾಡಿಕೊಂಡಿದ್ದಾರೆ.

ಯಾತ್ರಿಕನು ನಗರಮಧ್ಯದ ಹೋಟೆಲನ್ನೇ ಬಯಸುವುದಕ್ಕೆ ಕಾರಣವು ಸ್ಪಷ್ಟ. ಬಾಗಿಲಿನಿಂದ ಹೊರಟರೆ ಸ್ವಲ್ಪ ದೂರದಲ್ಲಿಯೇ ಕಡಲು. ೧೮೫೯ರಲ್ಲಿ ಗವರ್ನರ್ ವಾರ್ಡನು ನಗರದ ಸ್ತ್ರೀಯರ ಮತ್ತು ಮಕ್ಕಳ ಹಿತಕ್ಕಾಗಿ ಉಳಿಸಿಕೊಳ್ಳಬೇಕೆಂದು ಮುಂದಿನವರಿಗೆ ಕಲ್ಲಿನಲ್ಲಿ ಬರೆಯಿಸಿಟ್ಟ ಗಾಲ್ ಫೇಸ್ ಬಯಲು. ಅತ್ತ ನಡೆದರೆ ಪೇಟೆ. ಪೇಟೆಯಲ್ಲಿ ಕೆಂಪು ಬಿಳಿ ಪಟ್ಟೆಗಳ ಮಸೀದಿ. ಚಿನ್ನಬೆಳ್ಳಿಯ ಅಂಗಡಿಗಳ ಬೀದಿಯಲ್ಲಿ ತಮಿಳರ ಕೋವಿಲುಗಳು. ಗುಡ್ಡದ ಮೇಲೆ ಡಚ್ಚರ ಕಾಲದ ಚರ್ಚು. ಕೆರೆಯ ಬಳಿಯಲ್ಲಿ ಬೌದ್ಧವಿಹಾರ. ಎಲ್ಲವೂ ಹತ್ತಿರದಲ್ಲಿವೆ. ಆದರೆ ಸ್ಥಳದ ಸಾಮೀಪ್ಯವು ಬೇರೆ, ಜನರ ಸಾಮೀಪ್ಯವು ಬೇರೆ. ತಣ್ಣನೆಯ ಕೊಠಡಿಯ ಗಾಜಿನ ಹಿಂದೆ ನಿಂತು ಬೀದಿಯನ್ನು ನೋಡುವವನು ಊರಿನ ನಡುವೆಯಿದ್ದೂ ಊರಿನ ಹೊರಗಿರುವನು. ತಾವರೆಯೆಲೆಯ ಮೇಲಣ ನೀರಿನ ಹಾಗೆ ಇರುವುದು ಜ್ಞಾನಿಗೆ ಭೂಷಣ. ಅನ್ನವನ್ನು ಉಣ್ಣುತ್ತಿರುವ ಮನೆಯ ವಿಷಯದಲ್ಲಿ ಪ್ರಯಾಣಿಕನಿಗೆ ಅದು ಭೂಷಣವೆಂದು ಹೇಳಲಾಗದು.

ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಮೊದಲನೆಯವರು ಹೀಗೆನ್ನುತ್ತಾರೆ: “ಹೋಟೆಲು ಒಂದು ಅಂಗಡಿ. ಅಲ್ಲಿ ಅಕ್ಕಿಬೇಳೆಗಳ ಬದಲು ಹಾಸಿಗೆ ದೀಪ ಸ್ನಾನಗಳನ್ನು ಮಾರುತ್ತಾರೆ. ಬೆಲೆಯನ್ನು ಅವರೇ ಹೇಳಿದರು. ಕೊಳ್ಳುವವನು ಒಪ್ಪಿ ಕೊಟ್ಟನು. ಧರ್ಮದ ಮಾತಿಗೆ ಇಲ್ಲಿ ಎಡೆಯೆಲ್ಲಿ?” ಎರಡನೆಯವರು ಇದಕ್ಕೆ ವಿರುದ್ಧವಾಗಿ, “ಆತಿಥ್ಯವನ್ನು ಮಾರುವುದೇ ಅಧರ್ಮ. ಮುಗುಳ್ನಗೆಗೂ ಬೆಲೆ ಕಟ್ಟಿದ ಮೇಲೆ ಅದು ನಗೆಯೇ ಅಲ್ಲ. ಪೂರ್ವಿಕರ ಛತ್ರ ಅರವಟ್ಟಿಗೆಗಳೆಲ್ಲಿ, ಈ ಬಾಡಿಗೆಯ ಉಪಚಾರವೆಲ್ಲಿ!” ಎಂದು ನಿಟ್ಟುಸಿರಿಡುತ್ತಾರೆ.

ಎರಡನೆಯ ಪಕ್ಷವನ್ನು ಮೊದಲು ಪರಿಶೀಲಿಸುವುದು ಲೇಸು. ಸಿಂಹಳದಲ್ಲಿಯೂ ಛತ್ರಗಳಂತಹ ಸಂಸ್ಥೆಗಳಿದ್ದವು. ದಾರಿಯ ಬದಿಯಲ್ಲಿ ಕಂಬಗಳ ಮೇಲೆ ಸೂರೊಂದನ್ನೆತ್ತಿ, ನಾಲ್ಕು ಕಡೆಯೂ ತೆರೆದುಬಿಟ್ಟ ‘ಅಂಬಲಮ’ಗಳೆಂಬ ತಂಗುಮನೆಗಳಲ್ಲಿ ದಾರಿಹೋಕರು ಹಣವಿಲ್ಲದೆ ವಿಶ್ರಮಿಸುತ್ತಿದ್ದರು, ಪನಾವಿಟಿಯ ಎಂಬಲ್ಲಿ ಕೆತ್ತನೆಯ ಕಂಬಗಳುಳ್ಳ ಒಂದು ಅಂಬಲಮವು ಈಗಲೂ ನೋಡತಕ್ಕದ್ದಾಗಿದೆ. ಬಾಯಾರಿದವರಿಗಾಗಿ ದಾರಿಯಲ್ಲಿ ನೀರಿನ ಮಡಕೆಯನ್ನಿಡುವ ‘ಪಿನ್ ತಾಲಿಯ’ವೆಂಬುದು ಕನ್ನಡನಾಡಿನ ಅರವಟ್ಟಿಗೆಯ ಒಡಹುಟ್ಟು, ‘ಪಿನ್’ ಎಂದರೆ ಪುಣ್ಯವೇ. ಇವು ಶ್ಲಾಘ್ಯವಾದ ಸಂಸ್ಥೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಳೆಯದೆಲ್ಲವೂ ನಿರ್ದೋಷವಾಗಿತ್ತೆಂದು ಹೇಳುವುದು ಸತ್ಯಕ್ಕೆ ದೂರ. ಅನ್ನಾರ್ಥಿಯಾಗಿ ಬಂದವನ ಕುಲಗೋತ್ರಗಳನ್ನು ಕೇಳಬಾರದೆಂದು ಸ್ಮೃತಿಕಾರರು ವಿಧಿಸಿದ್ದರೂ, ಕನ್ನಡನಾಡಿನ ಅನೇಕ ಛತ್ರಗಳಲ್ಲಿ ಮೊದಲು ಕೇಳುತ್ತಿದ್ದುದೇ ಅದನ್ನು. ಪಂಕ್ತಿಗೆ ಸಲ್ಲದವನು ಜಗಲಿಯಲ್ಲಿ ಉಳಿದನು. ಜಗಲಿಗೂ ಸಲ್ಲದವನು ಬೀದಿಯಲ್ಲಿ ಉಳಿದನು. ಹೋಟೆಲುಗಳಲ್ಲಿಯೂ ಆದಿಯಲ್ಲಿ ಬೇರೆ ಬೇರೆ ಪಂಕ್ತಿಗಳಿದ್ದುದು ನಿಜ. ಆದರೆ ಕ್ರಮೇಣ ಹಣವು ಆ ಗೋಡೆಯನ್ನು ಕೆಡವಿತು. ಪುಣ್ಯವು ಮುಚ್ಚಿದ ಬಾಗಿಲನ್ನು ಕೆಲವೆಡೆ ಶುಲ್ಕವು ತೆರೆಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಹಣವಿಲ್ಲದವನಿಗೆ ಅದೇ ಶುಲ್ಕವು ಬಾಗಿಲನ್ನು ಮುಚ್ಚುತ್ತದೆಂಬುದೂ ಅಷ್ಟೇ ದಿಟ. ಆದುದರಿಂದ ಶುಲ್ಕವನ್ನು ತೆಗೆದುಕೊಂಡ ಮಾತ್ರಕ್ಕೆ ಉಪಚಾರವು ಪಾಪವಾಗುವುದಿಲ್ಲ. ವೈದ್ಯನೂ ಉಪಾಧ್ಯಾಯನೂ ವೇತನವನ್ನು ತೆಗೆದುಕೊಳ್ಳುವರು. ಅದರಿಂದ ಅವರ ಕರುಣೆಯೂ ವಾತ್ಸಲ್ಯವೂ ಸುಳ್ಳೆಂದು ಯಾರೂ ಹೇಳುವುದಿಲ್ಲ.

ಇನ್ನು ಮೊದಲನೆಯ ಪಕ್ಷ. ಹಣವು ಏನನ್ನು ಕೊಳ್ಳುತ್ತದೆ, ಏನನ್ನು ಕೊಳ್ಳಲಾರದು ಎಂಬುದನ್ನು ಬೇರ್ಪಡಿಸಿ ನೋಡಿದರೆ ಈ ಪಕ್ಷದ ದೌರ್ಬಲ್ಯವು ತಾನಾಗಿ ಹೊರಬೀಳುತ್ತದೆ. ಅಂಗಡಿಯಲ್ಲಿ ಅಕ್ಕಿಯನ್ನು ಕೊಂಡವನು ಅದನ್ನು ಹೊತ್ತು ತನ್ನ ಮನೆಗೆ ಹೋಗುವನು. ಹೋಟೆಲಿಗೆ ಬಂದವನಾದರೋ ಅಲ್ಲಿಯೇ ಮಲಗಿ ನಿದ್ರಿಸುವನು. ನಿದ್ರೆಯಲ್ಲಿರುವವನಷ್ಟು ಅಸಹಾಯನು ಮತ್ತೊಬ್ಬನಿಲ್ಲ. ಕಂಡರಿಯದವರು ಬೇಯಿಸಿದ ಅನ್ನವನ್ನು ಉಣ್ಣುವನು. ಕಂಡರಿಯದವರ ಕೈಯಲ್ಲಿ ಇನ್ನೊಂದು ಬೀಗದ ಕೈಯಿದೆಯೆಂದು ತಿಳಿದೂ ಕಣ್ಣು ಮುಚ್ಚುವನು. ಹಾಗೆಯೇ ಮನೆಯವರೂ ತಾವು ಕಂಡರಿಯದವನನ್ನು ಒಳಗೆ ಕರೆದುಕೊಂಡಿದ್ದಾರೆ. ಈ ಪರಸ್ಪರ ವಿಶ್ವಾಸಕ್ಕೆ ಲೆಕ್ಕದ ಚೀಟಿಯಲ್ಲಿ ಯಾವ ಸಾಲೂ ಇಲ್ಲ. ಅದನ್ನು ಮಾರುವವರಿಲ್ಲ, ಕೊಳ್ಳುವವರಿಲ್ಲ. ಆದರೆ ಅದಿಲ್ಲದೆ ಮಿಕ್ಕುದಾವುದನ್ನೂ ಮಾರಲಾಗದು, ಕೊಳ್ಳಲಾಗದು.

ಈ ವಿಶ್ವಾಸವು ಒಡೆದರೆ ಏನಾಗುವುದೆಂಬುದನ್ನು ಕೊಲಂಬೊ ನಗರವು ೨೦೧೯ನೆಯ ಏಪ್ರಿಲ್ ೨೧ರಂದು ಕಂಡಿತು. ಅದು ಕ್ರೈಸ್ತರ ಈಸ್ಟರ್ ಹಬ್ಬದ ಭಾನುವಾರ. ದ್ವೀಪದ ಮೂರು ಚರ್ಚುಗಳಲ್ಲಿಯೂ ಕೊಲಂಬೊವಿನ ಮೂರು ದೊಡ್ಡ ಹೋಟೆಲುಗಳಲ್ಲಿಯೂ ಮಾನವಬಾಂಬುಗಳು ಸಿಡಿದು ೨೫೦ಕ್ಕೂ ಹೆಚ್ಚು ಜನ ಮಡಿದರು. ಲೋಕಸಭೆಯ ಚುನಾವಣೆಯಲ್ಲಿ ದುಡಿದು, ಮತದಾನವು ಮುಗಿದ ಮೇಲೆ ವಿಶ್ರಾಂತಿಗೆಂದು ಹೋಗಿದ್ದ ಕರ್ನಾಟಕದ ಹಲವರೂ ಬೆಳಗಿನ ಉಪಾಹಾರದ ಹೊತ್ತಿನಲ್ಲಿ ಅಲ್ಲಿಯೇ ಪ್ರಾಣಬಿಟ್ಟರು. ಆ ಹೋಟೆಲುಗಳಲ್ಲೊಂದಕ್ಕೆ ಘಾತುಕನು ಹಿಂದಿನ ದಿನವೇ ಸುಳ್ಳು ಹೆಸರನ್ನು ಹೇಳಿ ತಂಗಲು ಬಂದಿದ್ದನು. ಮರುದಿನ ಬೆಳಗ್ಗೆ ಉಪಾಹಾರಕ್ಕಾಗಿ ನಿಂತವರ ಸಾಲಿನಲ್ಲಿ ತಾನೂ ನಿಂತನು. ಮಡಿದವರಲ್ಲಿ ಬಂದವರನ್ನು ಸ್ವಾಗತಿಸುತ್ತಿದ್ದ ಮೇಲ್ವಿಚಾರಕನೊಬ್ಬನೂ ಇದ್ದನು. ಉಂಡ ಮನೆಗೆ ಎರಡು ಬಗೆಯುವುದೆಂದು ಕನ್ನಡದಲ್ಲಿ ಹೇಳುವ ಮಾತಿಗೆ ಇದಕ್ಕಿಂತ ಘೋರವಾದ ನಿದರ್ಶನವು ಸಿಕ್ಕಲಾರದು. ಅವನೂ ಕೊಠಡಿಯನ್ನು ಕ್ರಮವಾಗಿ ಪಡೆದ ಗಿರಾಕಿಯೇ ಅಲ್ಲವೇ? ಆದರೂ ಅವನು ಎಸಗಿದ್ದನ್ನು ಕೇಳಿದವರ ಮನಸ್ಸು, ‘ಇದು ಕೊಲೆ’ ಎಂದು ಮಾತ್ರವಲ್ಲ, ‘ಇದು ದ್ರೋಹ’ ಎಂದೂ ಕೂಗುತ್ತದೆ. ಸಂಬಂಧವಿಲ್ಲದಲ್ಲಿ ದ್ರೋಹವೆಂಬುದಿಲ್ಲ. ಆದಕಾರಣ ಶುಲ್ಕದ ಕೆಳಗೆ ಶುಲ್ಕಕ್ಕೆ ಸೇರದ ಒಂದು ಸಂಬಂಧವು ಮೊದಲೇ ಇದೆಯೆಂದು ಸಿದ್ಧವಾಗುತ್ತದೆ. ಅದನ್ನೇ ಪೂರ್ವಿಕರು ಆತಿಥ್ಯವೆಂದು ಕರೆದರು.

ಆ ದುರ್ದಿನದ ತರುವಾಯ ಬಾಗಿಲುಗಳಲ್ಲಿ ಗಂಟುಮೂಟೆಗಳನ್ನು ಶೋಧಿಸುವುದು ಬಿಗಿಯಾಯಿತು. ದೇವರೆಂದು ಕಾಣಬೇಕಾದವನ ಚೀಲವನ್ನು ತಡಕುವುದು ಅಪಚಾರವಲ್ಲವೇ ಎಂದು ಕೆಲವರು ಕೇಳಬಹುದು. ಇದು ಹೊಸದೇನೂ ಅಲ್ಲ. ಧರ್ಮಾರ್ಥವಾದ ತಂಗುಮನೆಗಳ ಅಧಿಕಾರಿಗಳು ದಾರಿಹೋಕರ ಸಂಗತಿಯನ್ನು ಮೇಲಿನವರಿಗೆ ತಿಳಿಸಿಯೇ ಅವರನ್ನು ಇರಿಸಿಕೊಳ್ಳಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧಿಕಾರಿಯ ಪ್ರಕರಣದಲ್ಲಿ ಹೇಳಿದೆ. ಕುಲವನ್ನು ಕೇಳುವುದು ಬೇರೆ, ಕ್ಷೇಮವನ್ನು ವಿಚಾರಿಸುವುದು ಬೇರೆ. ಮೊದಲನೆಯದು ಬಂದವನನ್ನು ಹೊರಗಿಡುವುದಕ್ಕಾಗಿ. ಎರಡನೆಯದು ಒಳಗಿರುವ ಮಿಕ್ಕ ಅತಿಥಿಗಳನ್ನು ಕಾಪಾಡುವುದಕ್ಕಾಗಿ. ಪುಸ್ತಕದಲ್ಲಿ ತನ್ನ ನಿಜವಾದ ಹೆಸರನ್ನು ಬರೆದು, ಶೋಧನೆಗೆ ಮುಖ ಸಿಂಡರಿಸದೆ ನಿಲ್ಲುವುದು ಶುಲ್ಕವನ್ನು ಕೊಡುವುದರಷ್ಟೇ ಪ್ರಯಾಣಿಕನ ಕರ್ತವ್ಯವಾಗಿದೆ.

ಇದಕ್ಕಿಂತಲೂ ಸೂಕ್ಷ್ಮವಾದ ಪ್ರಶ್ನೆಯನ್ನು ೨೦೨೨ನೆಯ ವರ್ಷವು ಎತ್ತಿತು. ಆ ವರುಷ ದ್ವೀಪದ ಬೊಕ್ಕಸದಲ್ಲಿ ವಿದೇಶದ ನಾಣ್ಯವು ಬರಿದಾಗಿ, ಏಪ್ರಿಲ್ ತಿಂಗಳಲ್ಲಿ ಸರಕಾರವು ಹೊರಗಿನ ಸಾಲವನ್ನು ತೀರಿಸಲಾರೆನೆಂದು ಸಾರಿತು. ಮಾರ್ಚಿಯ ಕೊನೆಗೆ ದಿನಕ್ಕೆ ೧೩ ಗಂಟೆಗಳವರೆಗೂ ವಿದ್ಯುಚ್ಛಕ್ತಿಯಿರಲಿಲ್ಲ. ಪೆಟ್ರೋಲಿಗೂ ಅಡಿಗೆಯ ಅನಿಲಕ್ಕೂ ಜನರು ದಿನಗಟ್ಟಲೆ ಸಾಲಿನಲ್ಲಿ ನಿಂತರು. ಆ ಸೆಪ್ಟೆಂಬರಿನಲ್ಲಿ ಕೊಲಂಬೊವಿನ ಆಹಾರಪದಾರ್ಥಗಳ ಬೆಲೆಯು ಹಿಂದಿನ ವರುಷಕ್ಕಿಂತ ನೂರಕ್ಕೆ ೯೪ಕ್ಕೂ ಹೆಚ್ಚು ಏರಿತ್ತು. ಗಾಲ್ ಫೇಸ್ ಬಯಲಿನಲ್ಲಿಯೇ ಪ್ರತಿಭಟನೆಯ ಡೇರೆಗಳೆದ್ದವು. ಜುಲೈ ೯ರಂದು ಜನಸಮೂಹವು ಅಧ್ಯಕ್ಷರ ಭವನವನ್ನು ಹೊಕ್ಕಿತು. ಇಂತಹ ಕಾಲದಲ್ಲಿ ನಗರಮಧ್ಯದ ದೊಡ್ಡ ಹೋಟೆಲಿನಲ್ಲಿ ಸ್ವಂತ ಯಂತ್ರದ ಬಲದಿಂದ ದೀಪಗಳು ಉರಿಯುತ್ತವೆ. ಮೇಜಿನ ಮೇಲೆ ಬೇಕಾದಷ್ಟು ಬಡಿಸಿಕೊಳ್ಳಿರೆಂದು ಬಗೆಬಗೆಯ ಭಕ್ಷ್ಯಗಳು ಹರಡಿರುತ್ತವೆ. ಅದನ್ನು ಹರಡಿದವನು ಬೆಳಗ್ಗೆ ತನ್ನ ಮನೆಯಲ್ಲಿ ಕತ್ತಲೆಯಲ್ಲಿಯೇ ಎದ್ದು, ಬಸ್ಸಿಲ್ಲದೆ ನಡೆದು ಬಂದವನಾಗಿರಬಹುದು. ಅವನ ಮನೆಯವರು ಹಸಿದಿರುವಾಗ ಅವನ ಕೈಯಿಂದ ಬಡಿಸಿಕೊಂಡು ತೃಪ್ತಿಯಾಗಿ ಉಣ್ಣುವುದು ಧರ್ಮವೇ?

ಮಹಾಭಾರತದ ಆಶ್ವಮೇಧಿಕಪರ್ವದಲ್ಲಿ ಬರುವ ಅರೆಚಿನ್ನದ ಮುಂಗುಸಿಯ ಉಪಾಖ್ಯಾನವನ್ನು ಇಲ್ಲಿ ನೆನೆಯಬೇಕು. ಕುರುಕ್ಷೇತ್ರದಲ್ಲಿ ಉಂಛವೃತ್ತಿಯ ಬ್ರಾಹ್ಮಣನೊಬ್ಬನು ಕ್ಷಾಮದಲ್ಲಿ ಕಷ್ಟದಿಂದ ಕೂಡಿಸಿದ ಹಿಟ್ಟನ್ನು ಮನೆಯ ನಾಲ್ವರೂ ಹಂಚಿಕೊಂಡು ಉಣ್ಣಬೇಕೆನ್ನುವಷ್ಟರಲ್ಲಿ ಅತಿಥಿಯು ಬಂದನು. ಬ್ರಾಹ್ಮಣನು ತನ್ನ ಪಾಲನ್ನು ಕೊಟ್ಟನು, ಸಾಲದಾಯಿತು. ಹೆಂಡತಿ ಕೊಟ್ಟಳು, ಮಗನು ಕೊಟ್ಟನು, ಕಡೆಗೆ ಸೊಸೆಯೂ ಕೊಟ್ಟಳು. ಬಂದವನು ಸಾಕ್ಷಾತ್ ಧರ್ಮದೇವತೆ. ಆ ಹಿಟ್ಟಿನ ಸಂಪರ್ಕದಿಂದ ಮುಂಗುಸಿಯ ಅರೆಮೈ ಹೊನ್ನಾಯಿತು. ಯುಧಿಷ್ಠಿರನ ಯಾಗಶಾಲೆಯಲ್ಲಿ ಹೊರಳಿದರೂ ಉಳಿದರ್ಧವು ಹೊನ್ನಾಗಲಿಲ್ಲ. ಈ ಕಥೆಯು ಮನೆಯೊಡೆಯನನ್ನು ಪರೀಕ್ಷಿಸುತ್ತದೆ. ಆದರೆ ಬಂದವನು ಧರ್ಮದೇವತೆಯಾಗಿರದೆ ಸಾಮಾನ್ಯ ಮನುಷ್ಯನಾಗಿದ್ದು, ಸೊಸೆಯ ಬಾಡಿದ ಮುಖವನ್ನು ಕಂಡೂ ನಾಲ್ಕನೆಯ ಪಾಲನ್ನು ಉಂಡಿದ್ದರೆ ಅವನನ್ನು ಏನೆಂದು ಕರೆಯಬೇಕಾಗಿತ್ತು? ಕಥೆಯು ಆ ಪ್ರಶ್ನೆಯನ್ನು ಕೇಳುವುದಿಲ್ಲ. ಕೇಳಬೇಕಾದ ಕಾಲವು ಈಗ ಬಂದಿದೆ. ಅದೂ ಅಲ್ಲದೆ ಆ ಬ್ರಾಹ್ಮಣಕುಟುಂಬವು ಕೊಟ್ಟುದು ಸ್ವಸಂತೋಷದಿಂದ; ಹೋಟೆಲಿನ ಪರಿಚಾರಕನಿಗೆ ಕೊಡುವ ಕೊಡದಿರುವ ಸ್ವಾತಂತ್ರ್ಯವೇ ಇಲ್ಲ. ಕೊಡುವವನಿಗೆ ಸ್ವಾತಂತ್ರ್ಯವಿಲ್ಲದೆಡೆಯಲ್ಲಿ ತೆಗೆದುಕೊಳ್ಳುವವನ ಸಂಯಮವೇ ಧರ್ಮವನ್ನು ಉಳಿಸಬೇಕು.

ಹಾಗಾದರೆ ಅಂತಹ ಕಾಲದಲ್ಲಿ ಅಲ್ಲಿಗೆ ಹೋಗದಿರುವುದೇ ಧರ್ಮವೆಂದು ಕೆಲವರು ಹೇಳಬಹುದು. ಈ ಮಾತು ಕೇಳುವುದಕ್ಕೆ ಹಿತವಾಗಿದ್ದರೂ ಪರಿಣಾಮದಲ್ಲಿ ಕ್ರೂರವಾದುದು. ೨೦೧೮ರಲ್ಲಿ ಆ ದ್ವೀಪಕ್ಕೆ ೨೩ ಲಕ್ಷಕ್ಕೂ ಹೆಚ್ಚು ಪ್ರವಾಸಿಗಳು ಬಂದಿದ್ದರು. ಸಾಂಕ್ರಾಮಿಕದ ಹಾವಳಿಯಿಂದ ೨೦೨೧ರಲ್ಲಿ ಬಂದವರು ಎರಡು ಲಕ್ಷಕ್ಕೂ ಕಡಮೆ. ಅಲ್ಲಿಯ ಹೋಟೆಲುಗಳಲ್ಲಿ ಲೆಕ್ಕದ ಕೊನೆಗೆ ಸೇವಾಶುಲ್ಕವೆಂದು ನೂರಕ್ಕೆ ೧೦ರಂತೆ ಕೂಡಿಸಿ, ಅದನ್ನು ಕೆಲಸಗಾರರಿಗೆ ಹಂಚುವ ವಾಡಿಕೆಯಿದೆ. ಅತಿಥಿಗಳಿಲ್ಲದ ತಿಂಗಳಿನಲ್ಲಿ ಆ ಪಾಲು ಇಲ್ಲವಾಗುತ್ತದೆ. ಮೀನು ಮಾರುವವನಿಗೂ ಬಟ್ಟೆ ಒಗೆಯುವವನಿಗೂ ಆಟೋ ಓಡಿಸುವವನಿಗೂ ಸಂಪಾದನೆಯು ತಪ್ಪುತ್ತದೆ. ಬೊಕ್ಕಸಕ್ಕೆ ವಿದೇಶದ ನಾಣ್ಯವು ಬಾರದು. ಹಸಿದ ಮನೆಯಲ್ಲಿ ಉಣ್ಣಬಾರದೆಂದು ದೂರ ಉಳಿದವನು ಆ ಮನೆಯ ಹಸಿವನ್ನು ಹೆಚ್ಚಿಸಿದಂತಾಯಿತು. ಶುಲ್ಕವನ್ನು ಕೊಡುವ ಅತಿಥಿಯ ವೈಶಿಷ್ಟ್ಯವು ಇದೇ: ಅವನ ಆಗಮನವೇ ಒಂದು ದಾನವಾಗಬಲ್ಲುದು. ಆದರೆ ಆಗಬಲ್ಲುದೇ ಹೊರತು, ತಾನಾಗಿ ಆಗಿಬಿಡುವುದಿಲ್ಲ. ಹೋಗುವುದೋ ಬಿಡುವುದೋ ಎಂಬುದಕ್ಕಿಂತ, ಹೋದವನು ಅಲ್ಲಿ ಹೇಗಿರಬೇಕೆಂಬುದೇ ಮುಖ್ಯವಾಗುತ್ತದೆ.

ಹೇಗಿರಬೇಕೆಂಬುದು ಗೂಢವಾದ ತತ್ತ್ವವೇನೂ ಅಲ್ಲ. ಎಲೆಯಲ್ಲಿ ಅನ್ನವನ್ನು ಬಿಡಬಾರದೆಂದು ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವವನು, ಹಣ ಕೊಟ್ಟಾಗಿದೆಯೆಂದು ಪರರ ದೇಶದಲ್ಲಿ ತಟ್ಟೆ ತುಂಬ ಬಡಿಸಿಕೊಂಡು ಅರ್ಧವನ್ನು ಬಿಡತಕ್ಕದ್ದಲ್ಲ. ನೀರೂ ದೀಪವೂ ಊರಿಗೆ ದುರ್ಲಭವಾಗಿರುವಾಗ ತನ್ನ ಕೊಠಡಿಯಲ್ಲಿ ಅವನ್ನು ಹರಿಯಬಿಡತಕ್ಕದ್ದಲ್ಲ. ದೊಡ್ಡ ಹೋಟೆಲಿನಲ್ಲಿ ಹೇಳಿದಷ್ಟು ಕೊಟ್ಟು, ಬೀದಿಯ ಬಡವನೊಡನೆ ಹತ್ತು ರೂಪಾಯಿಗೆ ಹೋರಾಡತಕ್ಕದ್ದಲ್ಲ. ಸಾಲಿನಲ್ಲಿ ನಿಂತವರ ಕಷ್ಟವು ಚಿತ್ರ ತೆಗೆಯುವುದಕ್ಕೆ ಬಂದ ನೋಟವಲ್ಲ. ಹಾಸಿಗೆಯನ್ನು ಹಾಸುವವಳಿಗೆ ಒಂದು ಹೆಸರಿದೆ. ಅದನ್ನು ಕೇಳಿ ತಿಳಿದು, ಆ ಹೆಸರಿನಿಂದ ಕರೆಯುವುದಕ್ಕೆ ಯಾವ ಶುಲ್ಕವೂ ಇಲ್ಲ. ಇವೆಲ್ಲ ಸಣ್ಣ ವಿಷಯಗಳೇ. ಆದರೆ ಸ್ಥಾಲೀಪುಲಾಕನ್ಯಾಯದಿಂದ ಒಂದು ಅಗುಳನ್ನು ಹಿಸುಕಿದರೆ ಅನ್ನವು ಬೆಂದಿತೋ ಇಲ್ಲವೋ ತಿಳಿಯುವಂತೆ, ಮನುಷ್ಯನ ಸಂಸ್ಕಾರವು ಇಂತಹವುಗಳಿಂದಲೇ ತಿಳಿಯುತ್ತದೆ.

ಮನೆಯವರ ಕಡೆಯಿಂದಲೂ ಒಂದು ಮಾತು ಉಳಿದಿದೆ. ವೈಶಾಖಪೂರ್ಣಿಮೆಯ ದಿನಗಳಲ್ಲಿ ಕೊಲಂಬೊವಿನ ಬೀದಿಗಳಲ್ಲಿ ‘ದನ್ಸಲ’ಗಳೆಂಬ ದಾನಶಾಲೆಗಳು ಏಳುತ್ತವೆ. ಬಂದವನು ಯಾರು, ಯಾವ ಮತದವನು, ಬಡವನೋ ಬಲ್ಲಿದನೋ ಎಂದು ಕೇಳದೆ ಅನ್ನವನ್ನೋ ಪಾನಕವನ್ನೋ ಕೈಗಿಡುತ್ತಾರೆ. ದೊಡ್ಡ ಹೋಟೆಲಿನಿಂದ ಹೊರಬಂದ ಪ್ರವಾಸಿಯೂ ಅಂದು ಸಾಲಿನಲ್ಲಿ ನಿಲ್ಲಬಹುದು. ಅಂದು ಅವನ ಹಣವು ಸಲ್ಲುವುದಿಲ್ಲ. ಬೆಳಗ್ಗೆ ಬೆಲೆಗೆ ಉಣಬಡಿಸಿದ ಊರೇ ಸಂಜೆ ಪುಣ್ಯಕ್ಕೆ ಉಣಬಡಿಸುತ್ತದೆ. ಒಂದೇ ಊರಿನಲ್ಲಿ, ಒಂದೇ ಜನರಲ್ಲಿ ಶುಲ್ಕವೂ ಆತಿಥ್ಯವೂ ಹೀಗೆ ಒಟ್ಟಿಗೆ ಬಾಳುತ್ತಿರುವಾಗ, ಒಂದಿದ್ದಲ್ಲಿ ಮತ್ತೊಂದಿರಲಾರದೆಂಬ ವಾದವು ನಿಲ್ಲುವುದಿಲ್ಲ.

ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದನ್ನು ಶಾಸ್ತ್ರಜ್ಞರು ದೇಹಲೀದೀಪನ್ಯಾಯವೆನ್ನುತ್ತಾರೆ. ಆತಿಥ್ಯಧರ್ಮವನ್ನು ಇನ್ನು ಮೇಲೆ ಹಾಗೆಯೇ ತಿಳಿಯಬೇಕಾಗಿದೆ. ಪೂರ್ವಿಕರು ಮನೆಯೊಳಗಿನವನ ಕರ್ತವ್ಯವನ್ನು ಹೇಳಿದರು. ಹೊರಗಿನಿಂದ ಬಂದವನಿಗೂ ಅದೇ ಧರ್ಮವು ಸಮನಾಗಿ ಅನ್ವಯಿಸುತ್ತದೆ. ಶುಲ್ಕವು ಕೊಠಡಿಯ ಬಾಡಿಗೆಯನ್ನು ತೀರಿಸುತ್ತದೆ. ಕಂಡರಿಯದವರು ತನ್ನನ್ನು ನಂಬಿ ಒಳಗೆ ಕರೆದುಕೊಂಡು, ರಾತ್ರಿಯೆಲ್ಲ ಕಾದು, ಬೆಳಗ್ಗೆ ಕ್ಷೇಮವಾಗಿ ಕಳುಹಿಸಿಕೊಟ್ಟರೆಂಬ ಋಣವನ್ನು ತೀರಿಸುವುದಿಲ್ಲ. ಅದು ಬಹುಶಃ ಅವರಿಗೇ ತೀರಿಸತಕ್ಕ ಋಣವೂ ಅಲ್ಲ. ಊರಿಗೆ ಮರಳಿದವನು ತನ್ನ ಮನೆಯ ಬಾಗಿಲಿಗೆ ಬಂದ ಅಪರಿಚಿತನನ್ನು ಹೇಗೆ ಕಾಣುವನೆಂಬುದರಲ್ಲಿ ಅದು ತೀರಬೇಕು.